ಕೋಗಿಲೆ ‘ಬಂತು’ ಅಂತ ಬರೆಯುವ ಮುಂಚೆ

ವಸಂತ ಶುರುವಾಗುವ ಹೊತ್ತಿಗೆ ನಮ್ಮ ನಿಸರ್ಗ ಸಂಘದ ಸದಸ್ಯರಿಂದ ಹಕ್ಕಿಗಳ ಸುದ್ದಿ ಒಂದರ ಹಿಂದೆ ಒಂದು ಬರುತ್ತದೆ. ಎಲ್ಲವನ್ನೂ ಓದಿ, ಅನುಮಾನ ಇದ್ದದ್ದನ್ನು ಕೇಳಿ ತಿಳಿದು, ಪಟ್ಟಿಗೆ ಸೇರಿಸುವುದು ನನ್ನ ಪಾಲಿನ ಕೆಲಸ. ಹಕ್ಕಿಗಳ ಅಧ್ಯಯನವೇ ನನ್ನ ವೃತ್ತಿ. ಆದರೂ ವರ್ಷವಿಡೀ ನಾನು ಆಸೆಯಿಂದ ಕಾಯುವುದು ಈ ಕೆಲವು ವಾರಗಳಿಗೆ. ಆ ರಾಶಿಯಲ್ಲಿ ಒಂದು ಸಾಲು ಮಾತ್ರ ತಪ್ಪುವುದೇ ಇಲ್ಲ: ‘ಕೋಗಿಲೆ ಬಂತು. ಬೆಳಗ್ಗೆ 5.40.’

ನಾನು ತಿರುಗಿ ಕೇಳುವುದು ಇಷ್ಟೇ. ನೋಡಿದಿರಾ, ಇಲ್ಲಾ ಕೂಗು ಕೇಳಿದಿರಾ?

ಹತ್ತಕ್ಕೆ ಒಂಬತ್ತು ಸಲ ಕೂಗು ಕೇಳಿರುತ್ತಾರೆ. ಅದು ತಪ್ಪಲ್ಲ. ಕೇಳಿಸಿದ್ದೂ ಒಳ್ಳೆಯ ದಾಖಲೆಯೇ. ಆದರೆ ‘ಕೇಳಿಸಿತು’ ಅಂತ ಬರೆಯುವ ಜಾಗದಲ್ಲಿ ‘ಬಂತು’ ಅಂತ ಬರೆದರೆ, ಹಕ್ಕಿ ಮಾಡದ ಪ್ರಯಾಣವೊಂದನ್ನು ನಾವು ಮಾಡಿಸಿದ ಹಾಗಾಗುತ್ತದೆ. ಕೋಗಿಲೆ ಬಹಳಷ್ಟು ಕಡೆ ವರ್ಷಪೂರ್ತಿ ಇರುವ ಹಕ್ಕಿ. ಚಳಿಗಾಲದಲ್ಲಿ ಅದು ಹೆಚ್ಚುಕಡಿಮೆ ಬಾಯಿ ಬಿಡುವುದಿಲ್ಲ, ಅಷ್ಟೆ. ದಟ್ಟ ಎಲೆಗಳ ನಡುವೆ ಕೂತು ಹಣ್ಣು ತಿನ್ನುತ್ತಿರುತ್ತದೆ. ಗಂಡು ಕಪ್ಪಾಗಿರುವುದರಿಂದ ಕಾಗೆ ಎಂದುಕೊಂಡು ಬಿಟ್ಟುಬಿಡುತ್ತೇವೆ. ಹೆಣ್ಣಿನದು ಕಂದು ಮೈ, ತುಂಬಾ ಬಿಳಿ ಚುಕ್ಕೆ. ಎಲೆಗಳ ಸಂದಿನಿಂದ ಬಿಸಿಲು ಚಿಲ್ಲಿದ ಕಡೆ ಅದು ಕೂತರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಒಮ್ಮೆ ಆಲದ ಮರವೊಂದರ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಮೇಲಿಂದ ಹಣ್ಣಿನ ಚೂರು ಉದುರುತ್ತಿತ್ತು, ಹಕ್ಕಿ ಮಾತ್ರ ಇಲ್ಲ. ಕೊನೆಗೆ ಕಂಡದ್ದು ಒಂದು ಕೆಂಪು ಕಣ್ಣು. ಆ ಕಣ್ಣಿನ ಸುತ್ತ ನಿಧಾನಕ್ಕೆ ಇಡೀ ಹಕ್ಕಿ ಮೂಡಿತು. ಕಾಗೆ ಗೂಡು ಕಟ್ಟುವ ಕಾಲ ಹತ್ತಿರ ಬಂದಾಗ ಈ ಹಕ್ಕಿಗೆ ದನಿ ಬರುತ್ತದೆ. ಮೊಟ್ಟೆಯಿಡಲು ಕಾಗೆಯ ಗೂಡು ಬೇಕಲ್ವಾ?

ಇದು ಕೋಗಿಲೆಯೊಂದರ ಕಥೆಯಲ್ಲ. ಉತ್ತರ ಅಮೆರಿಕದಲ್ಲಿ ‘ಮೊದಲ ರಾಬಿನ್’ ಕಂಡರೆ ವಸಂತ ಬಂತು ಅಂತಲೇ ಲೆಕ್ಕ. ಅಲ್ಲಿಯ ರಾಬಿನ್‌ಗಳಲ್ಲಿ ಎಷ್ಟೋ ದಕ್ಷಿಣಕ್ಕೆ ಹೋಗುತ್ತವೆ, ನಿಜ. ಆದರೆ ಚಳಿಯಲ್ಲೇ ಉಳಿಯುವವೂ ಜಾಸ್ತಿ ಇವೆ. ಅವು ಗುಂಪು ಕಟ್ಟಿಕೊಂಡು ಮರಗಳ ನಡುವೆ ಹಣ್ಣು ತಿಂದುಕೊಂಡು ಕಾಲ ಕಳೆಯುತ್ತವೆ. ಹೆಪ್ಪುಗಟ್ಟಿದ ನೆಲ ಮೆತ್ತಗಾಗಿ ಎರೆಹುಳು ಸಿಗತೊಡಗಿದಾಗ ಗುಂಪು ಒಡೆದು ಹುಲ್ಲಿನ ಮೇಲೆ ಇಳಿಯುತ್ತವೆ. ಗಂಡುಗಳು ಹಾಡಲು ಶುರು ಮಾಡುತ್ತವೆ. ಕಿಟಕಿಯಿಂದ ನೋಡುವವರಿಗೆ ಅದು ‘ಬಂದ’ ಹಕ್ಕಿ. ನಿಜಕ್ಕೂ ಅದು ಇದ್ದ ಜಾಗದಿಂದ ನಾಲ್ಕು ಮರ ಈಚೆಗೆ ಬಂದಿರಬಹುದು.

ಇಷ್ಟು ದಿನ ಸುಮ್ನೆ ಇದ್ದ ಹಕ್ಕಿ ಈಗೇಕೆ ಬದಲಾಗುತ್ತದೆ? ಬೆಚ್ಚಗಾಯಿತಲ್ಲ, ಅದಕ್ಕೇ ಎಂದು ನಮಗೆ ಅನ್ನಿಸುತ್ತದೆ. 1920ರ ದಶಕದಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಜುಂಕೊ ಎಂಬ ಪುಟ್ಟ ಹಕ್ಕಿಗಳನ್ನು ಬಯಲಿನ ಪಂಜರದಲ್ಲಿಟ್ಟು, ಸಂಜೆಯಾದ ಮೇಲೆ ವಿದ್ಯುತ್ ದೀಪ ಹಚ್ಚಿ ದಿನಾ ಒಂದಷ್ಟು ನಿಮಿಷ ಹಗಲನ್ನು ಹಿಗ್ಗಿಸುತ್ತಾ ಹೋದರು. ಹೊರಗೆ ಕೊರೆಯುವ ಚಳಿ. ಆದರೂ ದೀಪದ ಕೆಳಗಿದ್ದ ಹಕ್ಕಿಗಳ ಸಂತಾನದ ಅಂಗಗಳು ವಸಂತದಲ್ಲಿ ಬೆಳೆಯುವ ಹಾಗೆಯೇ ಬೆಳೆದವು. ಅಂದರೆ ಹಗಲಿನ ಉದ್ದವೇ ಅವುಗಳ ಮುಖ್ಯ ಪಂಚಾಂಗ. ಸೆಕೆ, ಮಳೆ, ಆಹಾರ ಇವೆಲ್ಲ ನಾಲ್ಕು ದಿನ ಹಿಂದೆಮುಂದೆ ಮಾಡಬಹುದು.

ಈ ಪಂಚಾಂಗ ಕೈಕೊಡುವುದೂ ಉಂಟು. ಪೈಡ್ ಫ್ಲೈಕ್ಯಾಚರ್ ಎಂಬ ಕಪ್ಪುಬಿಳುಪಿನ ನೊಣಹಿಡುಕ ಪಶ್ಚಿಮ ಆಫ್ರಿಕಾದಲ್ಲಿ ಚಳಿಗಾಲ ಕಳೆದು, ಮರಿ ಮಾಡಲು ಯುರೋಪಿಗೆ ಹೋಗುತ್ತದೆ. ಮರಿಗಳಿಗೆ ಕಂಬಳಿಹುಳು ಬೇಕು. ನೆದರ್ಲೆಂಡ್ಸ್‌ನಲ್ಲಿ ವಸಂತ ಬೇಗ ಬೆಚ್ಚಗಾಗತೊಡಗಿ, ಹುಳುಗಳ ಸುಗ್ಗಿಯೂ ಮುಂಚೆ ಬಂತು. ಆಫ್ರಿಕಾದಲ್ಲಿ ಕೂತ ಹಕ್ಕಿಗೆ ಇದು ಹೇಗೆ ಗೊತ್ತಾಗಬೇಕು? ಅದು ತನ್ನ ಹಳೆಯ ಲೆಕ್ಕದಲ್ಲೇ ಹೊರಟು ಬಂತು. ಬಂದ ಮೇಲೆ ಅವಸರದಲ್ಲಿ ಮೊಟ್ಟೆಯಿಟ್ಟರೂ ಹುಳುಗಳನ್ನು ಹಿಡಿಯಲಾಗಲಿಲ್ಲ. ಹುಳುಗಳ ಸುಗ್ಗಿ ತೀರಾ ಬೇಗ ಮುಗಿಯುವ ಕಾಡುಗಳಲ್ಲಿ ಈ ಹಕ್ಕಿಗಳು 20 ವರ್ಷಗಳಲ್ಲಿ ಸುಮಾರು ಶೇ 90ರಷ್ಟು ಕಡಿಮೆಯಾದವು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಂದ ದಿನ, ಮೊಟ್ಟೆಯಿಟ್ಟ ದಿನ, ಹುಳು ಹೆಚ್ಚಿದ ದಿನ, ಮೂರನ್ನೂ ವರ್ಷಗಟ್ಟಲೆ ಬೇರೆಬೇರೆಯಾಗಿ ಬರೆದಿಟ್ಟವರು ಇದ್ದದ್ದರಿಂದ ಇದು ಬೆಳಕಿಗೆ ಬಂತು. ಎಲ್ಲಕ್ಕೂ ‘ವಸಂತ ಬಂತು’ ಎಂದೇ ಬರೆದಿದ್ದರೆ ಈ ಅನಾಹುತ ಕಾಣುತ್ತಲೇ ಇರಲಿಲ್ಲ.

ಇಂಥ ದಾಖಲೆಗಳ ಹಿರಿಯಜ್ಜ ರಾಬರ್ಟ್ ಮಾರ್ಶಮ್. ಇಂಗ್ಲೆಂಡಿನ ನಾರ್ಫಕ್‌ನಲ್ಲಿದ್ದ ಜಮೀನುದಾರ. 1736ರಲ್ಲಿ ಬರೆಯಲು ಶುರು ಮಾಡಿ, 1797ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಸ್ವಾಲೋ ಹಕ್ಕಿ ಕಂಡದ್ದು, ಕಕ್ಕೂ ಕೂಗಿದ್ದು, ಮರ ಚಿಗುರಿದ್ದು, ಕಪ್ಪೆ ವಟಗುಟ್ಟಿದ್ದು, ಹೀಗೆ 27 ಗುರುತುಗಳು. ಅವರ ಮನೆತನದವರು 1958ರವರೆಗೆ ಅದನ್ನು ಮುಂದುವರಿಸಿದರು. ಎರಡು ಶತಮಾನ ಮೀರಿದ ಲೆಕ್ಕ! ಆ ಪಟ್ಟಿಯ ಬೆಲೆ ಇರುವುದು ಒಂದೇ ರೀತಿಯಲ್ಲಿ, ಬಿಡದೆ ನೋಡಿದ್ದರಲ್ಲಿ.

ನಮ್ಮ ಸಂಘಗಳಲ್ಲಿ ಎಡವುವುದು ಇಲ್ಲೇ. ‘ಮೊದಲು ನಾನು ನೋಡಿದೆ’ ಎನ್ನುವ ಖುಷಿ ದೊಡ್ಡದು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಮೊದಲ ದಿನಾಂಕವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಕಳೆದ ವರ್ಷ 10 ಜನ ಹುಡುಕಿದರು, ಈ ವರ್ಷ 40 ಜನ ಅಂದುಕೊಳ್ಳಿ. ಹಕ್ಕಿಗಳು ಅದೇ ಸಮಯಕ್ಕೆ ಬಂದರೂ ಮೊದಲ ದಿನಾಂಕ ಹಿಂದಕ್ಕೆ ಸರಿಯುತ್ತದೆ, ಕಣ್ಣು ಜಾಸ್ತಿಯಾಯಿತಲ್ಲ. ಹಾಗೆಯೇ ಹಕ್ಕಿಗಳ ಸಂಖ್ಯೆ ಇಳಿದರೆ ಮೊದಲನೆಯದು ಕಣ್ಣಿಗೆ ಬೀಳುವುದೇ ತಡವಾಗುತ್ತದೆ. ತಡವಾಗಿ ಬಂದವು ಅಂದುಕೊಳ್ಳುತ್ತೇವೆ, ನಿಜವಾಗಿ ಅವು ಕಡಿಮೆಯಾಗಿರುತ್ತವೆ. ಅದಕ್ಕೇ ನಾನು ಎಲ್ಲರಲ್ಲೂ ಬೇಡುವುದು: ಎಷ್ಟು ಹೊತ್ತು ನೋಡಿದಿರಿ ಅಂತ ಬರೆಯಿರಿ. ಎಷ್ಟು ಹಕ್ಕಿ ಅಂತ ಬರೆಯಿರಿ. ನೋಡಲು ಹೋಗಿ ಕಾಣದ ದಿನ ‘ಕಾಣಲಿಲ್ಲ’ ಅಂತಲೂ ಬರೆಯಿರಿ. ಈ ಕೊನೆಯದನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ನನಗೆ ಮಾತ್ರ ಹತ್ತು ‘ಕಾಣಲಿಲ್ಲ’ಗಳ ನಂತರ ಬಂದ ಒಂದು ‘ಕಂಡಿತು’ ಚಿನ್ನದಂಥದ್ದು.

ಗಂಡೋ ಹೆಣ್ಣೋ ಗೊತ್ತಾದರೆ ಅದನ್ನೂ ಬಿಡಬೇಡಿ. ಅಮೆರಿಕದ ರೆಡ್ ವಿಂಗ್ಡ್ ಬ್ಲ್ಯಾಕ್‌ಬರ್ಡ್‌ನಲ್ಲಿ ಕೆಂಪು ಭುಜದ ಕರಿ ಗಂಡುಗಳು ಮೊದಲೇ ಬಂದು ಜೊಂಡಿನ ಮೇಲೆ ಕೂತು ಜಾಗ ಹಿಡಿಯುತ್ತವೆ. ಗೆರೆಗೆರೆ ಕಂದು ಹೆಣ್ಣುಗಳು ಬರುವುದು ವಾರಗಳ ಮೇಲೆ. ಬರೇ ‘ಬಂದವು’ ಎಂದರೆ ಯಾರು ಬಂದರು?

ಇನ್ನು ಕಿವಿಯನ್ನು ಎಷ್ಟು ನಂಬಬೇಕು? ಬಹಳ ಮಟ್ಟಿಗೆ ನಂಬಬಹುದು. ವಿಲೋ ವಾರ್ಬ್ಲರ್ ಮತ್ತು ಚಿಫ್‌ಚಾಫ್ ಎರಡೂ ಹಸಿರುಗಂದು ಬಣ್ಣದ ಸಣ್ಣ ಹಕ್ಕಿಗಳು, ನೋಡಲು ಅವಳಿಜವಳಿ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್‌ನ ಪಾದ್ರಿ ಗಿಲ್ಬರ್ಟ್ ವೈಟ್ ಅವು ಬೇರೆಬೇರೆ ಎಂದು ಕಂಡುಕೊಂಡದ್ದು ಮುಖ್ಯವಾಗಿ ಹಾಡು ಕೇಳಿಯೇ. ಒಂದು ಎರಡೇ ಸ್ವರ ಹಿಡಿದು ಕುಟ್ಟುತ್ತಿರುತ್ತದೆ, ಇನ್ನೊಂದರ ಹಾಡು ಮೇಲಿನಿಂದ ಮೆಲ್ಲಗೆ ಇಳಿದು ಬರುತ್ತದೆ. ಆದರೆ ವಸಂತದ ಶುರುವಿನಲ್ಲಿ ಅನುಕರಣೆ ಮಾಡುವ ಹಕ್ಕಿಗಳೂ ಗಂಟಲು ಬಿಚ್ಚುತ್ತವೆ. ಯುರೋಪಿನ ಸ್ಟಾರ್ಲಿಂಗ್ ಬೇರೆ ಹಕ್ಕಿಗಳ ಕೂಗನ್ನು ತನ್ನ ಹಾಡಿಗೆ ಪೋಣಿಸಿಕೊಳ್ಳುತ್ತದೆ. ನಮ್ಮ ಕಾಡುಗಳ ಭೀಮರಾಜನೂ ಅದರಲ್ಲಿ ಪಳಗಿದ ಕೈ. ಫೋನಿನ ಆ್ಯಪ್ ಹೆಸರು ತೋರಿಸಿದ ಮಾತ್ರಕ್ಕೆ ಹಕ್ಕಿ ಅಲ್ಲಿದೆ ಎಂದಲ್ಲ. ಆ್ಯಪ್ ಹೇಳಿದ್ದನ್ನು ಸುಳಿವು ಎಂದುಕೊಂಡು, ನಿಂತು, ಇನ್ನೊಂದು ಸಲ ಕೇಳಿ. ಆದರೆ ಹಕ್ಕಿಯನ್ನು ಹೊರಗೆ ಬರಿಸಲು ಅದರದೇ ಕೂಗನ್ನು ಸ್ಪೀಕರಿನಲ್ಲಿ ಹಾಕಬೇಡಿ. ಜಾಗ ಹಿಡಿದ ಗಂಡಿಗೆ ಅದು ಇನ್ನೊಬ್ಬ ನುಗ್ಗಿದ ಹಾಗೆ. ತಿನ್ನುವುದು ಬಿಟ್ಟು ಹುಡುಕಾಡುತ್ತದೆ. ಗೂಡು ಸಿಕ್ಕಿದರೆ ಜಾಗವನ್ನು ಎಲ್ಲರಿಗೂ ಸಾರಬೇಡಿ.

ಹೋಗುವ ಹಕ್ಕಿಗಳ ಬಗ್ಗೆಯೂ ನನಗೆ ಚಿಂತೆ ಇದೆ. ಚಳಿಗಾಲ ಕಳೆಯಲು ಬಂದವು ಇದೇ ಸಮಯದಲ್ಲಿ ಹೊರಡುತ್ತವೆ. ಬೂದು ಸಿಪಿಲೆಯ ಗಂಡಿಗೆ ಹೋಗುವ ಮುಂಚೆ ಗಂಟಲು ಕಪ್ಪಾಗತೊಡಗುತ್ತದೆ. ಪಟ್ಟೆ ತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಮರಿ ಮಾಡುವ ನೆಲಕ್ಕೆ ಮರಳುತ್ತವೆ. ಬಂದ ದಿನ ಎದ್ದು ಕಾಣುತ್ತದೆ. ಕೊನೆಯ ದಿನ ಹಾಗಲ್ಲ. ಇವತ್ತು ಕಂಡ ಹಕ್ಕಿ ನಾಳೆ ಇರುವುದಿಲ್ಲ ಎಂದು ಇವತ್ತು ಯಾರಿಗೂ ತಿಳಿಯುವುದಿಲ್ಲ. ವಾರ ಕಳೆದ ಮೇಲೆ ‘ಅರೆ, ಕಾಣಲೇ ಇಲ್ಲವಲ್ಲ’ ಎಂದು ನೆನಪಾಗುತ್ತದೆ, ತಾರೀಖು ಮಾತ್ರ ನೆನಪಿಗೆ ಬರುವುದಿಲ್ಲ. ಇದಕ್ಕೆ ಇರುವ ದಾರಿ ಒಂದೇ. ದಿನಾ ಅದೇ ಜಾಗ, ಅದೇ ಹೊತ್ತು, ಹದಿನೈದು ನಿಮಿಷ. ಕಂಡ ಪ್ರತಿದಿನವೂ ಬರೆಯಬೇಕು. ಆಗ ಕೊನೆಯದು ತಾನಾಗಿಯೇ ಪುಸ್ತಕದಲ್ಲಿ ಉಳಿದಿರುತ್ತದೆ.

‘ಕೋಗಿಲೆ ಬಂತು, 5.40’ ಎಂದು ಬರೆದಿದ್ದ ಸದಸ್ಯರೊಬ್ಬರಿಗೆ ಇದನ್ನೆಲ್ಲ ಹೇಳಿದ್ದೆ. ಅವರಿಗೆ ಸ್ವಲ್ಪ ಬೇಸರವಾಯಿತೇನೋ, ಆ ವಸಂತದಲ್ಲಿ ಮತ್ತೇನೂ ಕಳಿಸಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವರಿಂದ ಒಂದು ದಾಖಲೆ ಬಂತು. ‘ಜನವರಿ 9. 15 ನಿಮಿಷ. ಕೋಗಿಲೆ, ಹೆಣ್ಣು, ಒಂದು. ಹಣ್ಣು ತಿನ್ನುತ್ತಿತ್ತು. ಕೂಗಲಿಲ್ಲ.’