ಜ್ವರ ಬಿಟ್ಟ ಮೇಲೆ ವಸಡನ್ನೂ ನೋಡಿಸಿ

ಜ್ವರ ಬಿಟ್ಟು ತಿಂಗಳಾದರೂ ಸುಸ್ತು, ಬಾಯಿ ಕಹಿ ಹೋಗಿಲ್ಲ ಎನ್ನುವವರಿಗೆ ರಕ್ತ ಪರೀಕ್ಷೆಗಳೆಲ್ಲ ಆಗಿರುತ್ತವೆ, ವಸಡನ್ನು ಯಾರೂ ನೋಡಿರುವುದಿಲ್ಲ. ಇದು ಸರಿಯಲ್ಲ.

ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬಾಯಿಯನ್ನು ತೊಳೆಯುತ್ತಿರುತ್ತದೆ. ಜ್ವರದಲ್ಲಿ ಅದು ಬತ್ತುತ್ತದೆ. ಕೋವಿಡ್ ವೈರಸ್ ಜೊಲ್ಲಿನ ಗ್ರಂಥಿಗಳಿಗೂ ಸೋಂಕು ತಗುಲಿಸಬಲ್ಲದು. ಹಲ್ಲುಜ್ಜದೆ ಮಲಗಿದರೆ ಒಂದೇ ದಿನದಲ್ಲಿ ವಸಡಿನಂಚಿಗೆ ಪಾಚಿ, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಕಟ್ಟುತ್ತದೆ. ಹಲ್ಲು ಮತ್ತು ವಸಡಿನ ನಡುವಿನ ಸಂದಿಯ ಆಳ 4 ಮಿಲಿಮೀಟರ್ ದಾಟಿದವರಲ್ಲಿ ಆಮ್ಲಜನಕ ಬೇಡದ ಪಾರ್ಫಿರೋಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳು ಮೊದಲೇ ಬೀಡುಬಿಟ್ಟಿರುತ್ತವೆ. ಅವು ಅಗಿಯುವಾಗ ರಕ್ತಕ್ಕೆ, ನಿದ್ದೆಯಲ್ಲಿ ಜೊಲ್ಲಿನೊಂದಿಗೆ ಶ್ವಾಸಕೋಶಕ್ಕೆ ಸೇರುತ್ತವೆ. ವೈರಸ್ ಹೋದರೂ ಉರಿಯೂತ ತಣಿಯದಿರಲು ಇದೊಂದು ದಾರಿ. ವಸಡು ರೋಗ ಇದ್ದವರಲ್ಲಿ ಕೋವಿಡ್ ಹೆಚ್ಚು ತೀವ್ರವಾಗಿದ್ದದ್ದು ಅಧ್ಯಯನಗಳಲ್ಲಿ ಕಂಡಿದೆ. ದೀರ್ಘಕಾಲದ ಸುಸ್ತಿಗೆ ಅದೇ ಕಾರಣವೆಂದು ಸಾಬೀತಾಗಿಲ್ಲ, ಆದರೆ ಸರಿಪಡಿಸಬಹುದಾದದ್ದನ್ನು ಬಿಟ್ಟು ಕೂರಬಾರದು.

ಬೆಲ್ಲದ ಕಷಾಯವನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು ನಮ್ಮ ಕಡೆ ರೂಢಿ. ಪ್ರತಿ ಗುಟುಕಿಗೂ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಗುತ್ತದೆ. ಒಮ್ಮೆಗೇ ಕುಡಿದು ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮೆತ್ತನೆ ಬ್ರಷ್ಷನ್ನು ವಸಡಿನಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ 2 ನಿಮಿಷ ಉಜ್ಜಿ. ಮಲಗುವ ಮುಂಚಿನದ್ದನ್ನು ಮಾತ್ರ ತಪ್ಪಿಸಬೇಡಿ. ಕೃತಕ ದಂತಪಂಕ್ತಿ ರಾತ್ರಿ ಹೊರಗಿರಲಿ. ಬಾಯಿ ಮುಕ್ಕಳಿಸಲು ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಸಾಕು. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಬರೆದರೆ ಪೇಸ್ಟ್ ಬಳಸಿದ ಅರ್ಧ ಗಂಟೆಯ ಮೇಲೆ ಮುಕ್ಕಳಿಸಿ, ಇಲ್ಲವಾದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ. ಅದರ ಬಳಕೆ ಎರಡು ವಾರ ಮೀರಿದರೆ ಹಲ್ಲು ಕಂದು, ರುಚಿ ಇನ್ನಷ್ಟು ಕೆಡುತ್ತದೆ. ಎಲೆಯಡಿಕೆಯ ಕವಳ ಬಿಡಿ. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ ವಸಡು ಜಾರಿ ಬೇರು ಕಾಣುತ್ತದೆ, ಕಲೆಯ ಅಡಿಯಲ್ಲಿ ಪಾಚಿ ಮರೆಯಾಗಿರುತ್ತದೆ.

ವಸಡಿನ ರಕ್ತವೆಲ್ಲ ವಸಡಿನ ರೋಗವಲ್ಲ. ಡೆಂಗಿಯಲ್ಲೂ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ವಸಡಿನಿಂದ ರಕ್ತ ಬರಬಹುದು. ಜ್ವರದ ಜೊತೆ ಹೀಗಾದರೆ ಮೊದಲು ಆಸ್ಪತ್ರೆ, ಆಮೇಲೆ ದಂತವೈದ್ಯರು. ಈ ಜ್ವರಗಳಲ್ಲಿ ಹಲ್ಲುನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದಾಗ ಹಲ್ಲು ಕೀಳಿಸುವುದು ಅಪಾಯ.

ಚೇತರಿಸಿಕೊಂಡ ಮೇಲೂ ಉಜ್ಜುವಾಗ ರಕ್ತ ಬಂದರೆ ಕ್ಲೀನಿಂಗ್ ಮಾಡಿಸಿ, ವಸಡಿನ ಸಂದಿಯ ಆಳ ಅಳೆಸಿ. 6ರಿಂದ 8 ವಾರಕ್ಕೆ ಮತ್ತೆ ಅಳೆಸಬೇಕು. ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎನ್ನುವುದು ಸುಳ್ಳು. ಹಲ್ಲನ್ನು ಸಡಿಲಿಸುವುದು ಪಾಚಿಯಿಂದಾದ ಮೂಳೆಯ ಸವೆತ. ಗಾರೆ, ಅಂದರೆ ಹಲ್ಲಿಗಂಟಿ ಗಟ್ಟಿಯಾದ ಪಾಚಿ, ಆ ಸಡಿಲವನ್ನು ಮರೆಮಾಚಿರುತ್ತದೆ ಅಷ್ಟೆ. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಮುಂದೂಡಲೇಬಾರದು. ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ, ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ. ಕೋವಿಡ್‌ಗೆ ಸ್ಟೆರಾಯ್ಡ್ ತೆಗೆದುಕೊಂಡ ಮಧುಮೇಹಿಗಳಲ್ಲಿ ಮೇಲಿನ ಹಲ್ಲುಗಳು ಒಮ್ಮೆಲೇ ಅಲುಗಾಡಿದರೆ, ಅಂಗುಳ ಕಪ್ಪಾದರೆ ಅಥವಾ ಕೆನ್ನೆ ಮರಗಟ್ಟಿದರೆ ಅದು ಕಪ್ಪು ಶಿಲೀಂಧ್ರದ ಸೂಚನೆ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.