ಸುಣ್ಣದಡಿ ಮುಚ್ಚಿಹೋದ ಹೂಗಳು: ಪೆಟ್ರಿಕಿವ್ಕಾದ ಚಿತ್ರಕಲೆ

ಗೋಡೆಚಿತ್ರಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡ ನಮ್ಮಂಥವರು ಯಾವುದೇ ಊರಿನ ಕಲೆಯ ವಿಷಯ ಬಂದರೂ ಮೊದಲು ಕೇಳುವುದು, ಅಲ್ಲಿ ಉಳಿದಿರುವ ಅತ್ಯಂತ ಹಳೆಯ ಪದರ ಯಾವುದು ಎಂದು. ಉಕ್ರೇನಿನ ಪೆಟ್ರಿಕಿವ್ಕಾದ ಮಟ್ಟಿಗೆ ಈ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿನ ಹೆಂಗಸರು ಹಬ್ಬ ಹತ್ತಿರವಾದಂತೆ ಮಣ್ಣಿನ ಗೋಡೆಗೆ ಬಿಳಿ ಬಳಿದು, ಹಿಂದಿನ ಚಿತ್ರಗಳನ್ನು ತಾವೇ ಮುಚ್ಚಿ, ಒಲೆಯ ಸುತ್ತ ಮತ್ತು ಕಿಟಕಿಯ ಅಂಚಿನಲ್ಲಿ ಹೊಸದಾಗಿ ಹೂಬಳ್ಳಿಗಳನ್ನು ಬರೆಯುತ್ತಿದ್ದರು. ಬರೆದದ್ದನ್ನು ಕಾಪಾಡಬೇಕೆಂಬ ಕಾಳಜಿ ಅವರಿಗಿರಲಿಲ್ಲ. ಬರೆಯುವ ಕೈ ಮಾತ್ರ ತಾಯಿಯಿಂದ ಮಗಳಿಗೆ ದಾಟುತ್ತಿತ್ತು.

ನಿಪ್ರೋ ನದಿಯ ಎಡದಂಡೆಯ ಸೀಮೆಯಲ್ಲಿರುವ ಈ ಊರು ಝಪೊರೋಝಿಯಾದ ಕೊಸಾಕ್ಕರ, ಅಂದರೆ ಸ್ವತಂತ್ರವಾಗಿ ಬಾಳಿದ ಯೋಧ ಸಮುದಾಯದವರ, ಕಾಲದ್ದು. ಅವರ ಕೊನೆಯ ಮುಖಂಡ ಪೆಟ್ರೊ ಕಲ್ನಿಶೆವ್‌ಸ್ಕಿಯ ಆಶ್ರಯದಲ್ಲಿ 1772ರಲ್ಲಿ ಅದು ನೆಲೆಗೊಂಡಿತೆಂದು ಹೇಳುತ್ತಾರೆ. ಮೂರೇ ವರ್ಷಗಳಲ್ಲಿ, 1775ರಲ್ಲಿ, ರಷ್ಯದ ರಾಣಿ ಎರಡನೆಯ ಕ್ಯಾಥರೀನಳ ಸೈನ್ಯ ಕೊಸಾಕ್ಕರ ಕೋಟೆಯನ್ನು ನೆಲಸಮ ಮಾಡಿತು. ವೃದ್ಧ ಕಲ್ನಿಶೆವ್‌ಸ್ಕಿಯನ್ನು ದೂರದ ಸೊಲೊವೆಟ್‌ಸ್ಕಿ ದ್ವೀಪದ ಮಠದಲ್ಲಿ ಸೆರೆಯಿಡಲಾಯಿತು. ಊರು ಮಾತ್ರ ಉಳಿದು ಬೆಳೆಯಿತು. ಸೋವಿಯತ್ ಆಡಳಿತ ಅದಕ್ಕೆ ‘ನಗರ ಮಾದರಿಯ ವಸತಿ’ ಎಂಬ ದರ್ಜೆ ಕೊಟ್ಟಿತಾದರೂ, ಈ ಕಲೆಯ ಬಗ್ಗೆ ಬರೆಯುವವರೆಲ್ಲ ಅದನ್ನು ಇಂದಿಗೂ ಹಳ್ಳಿಯೆಂದೇ ಕರೆಯುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಖಾನೆಯ ಅಗ್ಗದ ಕಾಗದ ಹಳ್ಳಿಗಳಿಗೆ ಬಂದಾಗ ಚಿತ್ರ ಗೋಡೆಯಿಂದ ಇಳಿದು ಸಂತೆಗೆ ನಡೆಯಿತು. ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುವ ಇಂಥ ಚಿತ್ರಗಳಿಗೆ ‘ಮಾಲ್ಯೋವ್ಕಾ’ ಎಂದು ಹೆಸರು. 1910ರ ದಶಕದ ಆರಂಭದಲ್ಲಿ ಇತಿಹಾಸಕಾರ ದ್ಮಿಟ್ರೊ ಯಾವೊರ್ನಿಟ್‌ಸ್ಕಿ ಆಸಕ್ತಿ ವಹಿಸಿ ಈ ಊರಿನ ಚಿತ್ರಗಳನ್ನು ಸಂಗ್ರಹಿಸಿ, ನಕಲು ಮಾಡಿಸಿದ್ದರಿಂದಲೇ ಆ ಕಾಲದ ಕೆಲಸದ ಪರಿಚಯ ಇವತ್ತು ನಮಗೆ ಸಿಗುತ್ತದೆ. 1936ರಲ್ಲಿ ಅಲ್ಲಿ ಅಲಂಕಾರ ಚಿತ್ರಕಲೆಯ ಶಾಲೆ ತೆರೆದಾಗ ಕಲಿಸಲು ನಿಂತವರು ಆ ಊರಿನವರೇ ಆದ ತೆತ್ಯಾನಾ ಪಾಟಾ (1884–1976). ಶಾಲೆ ನಡೆದದ್ದು ಎರಡನೆಯ ಮಹಾಯುದ್ಧ ಬರುವವರೆಗೆ, ಕೆಲವೇ ವರ್ಷ. ಆದರೂ ಆಕೆಯ ಶಿಷ್ಯರಲ್ಲಿ ಮಾರ್ಫಾ ತಿಮ್ಚೆಂಕೊ ಅವರಂಥವರು ಕೀವ್‌ಗೆ ಹೋಗಿ ಅದೇ ಹೂಗಳನ್ನು ಪಿಂಗಾಣಿಯ ಮೇಲೆ ಅರಳಿಸಿದರು. ಊರಿನಲ್ಲೇ ನಿಂತ ಫೆದಿರ್ ಪಾಂಕೊ ಕಪ್ಪು ಮೆರುಗೆಣ್ಣೆಯ ಮರದ ಸಾಮಾನುಗಳ ಕಡೆಗೆ ಈ ಕಲೆಯನ್ನು ತಿರುಗಿಸಿದರು. ನಾವು ಇಂದು ‘ಪುರಾತನ’ ಎಂದು ಕೊಳ್ಳುವ ಕಪ್ಪು ಹಿನ್ನೆಲೆಯ ತಟ್ಟೆ ಮತ್ತು ಪೆಟ್ಟಿಗೆಗಳು ಹೀಗೆ ಇಪ್ಪತ್ತನೆಯ ಶತಮಾನದ ಕೂಸುಗಳು. ಇದರಿಂದ ಅವುಗಳ ಬೆಲೆ ಕಡಿಮೆಯೇನೂ ಆಗುವುದಿಲ್ಲ.

ಹಳೆಯದು ಎನ್ನಬೇಕಾದ್ದು ಕೈಚಳಕ. ಕುಂಚವನ್ನು ಬೆಕ್ಕಿನ ರೋಮದಿಂದ ಕಟ್ಟುತ್ತಾರೆ. ಬಣ್ಣವನ್ನು ಹಿಂದೆ ಮೊಟ್ಟೆಯ ಹಳದಿಯಲ್ಲೋ ಚೆರ್ರಿ ಮರದ ಅಂಟಿನಲ್ಲೋ ಕಲಸುತ್ತಿದ್ದರು. ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುವ ಪದ್ಧತಿ ಇಲ್ಲವಾದ್ದರಿಂದ ತಪ್ಪಿದ ಎಳೆಯನ್ನು ತಿದ್ದಲಾಗದು. ಕುಂಚವನ್ನು ಒತ್ತಿ ಆರಂಭಿಸಿ ಹಗುರಾಗಿ ಎತ್ತಿದರೆ ‘ಬಾಚಣಿಗೆ’, ತುದಿಯಿಂದ ತೊಡಗಿ ಕೊನೆಗೆ ಒತ್ತಿದರೆ ‘ಕಾಳು’ ಎಂದು ಎಳೆಗಳಿಗೆ ಹೆಸರುಗಳಿವೆ. ಒಂದೇ ಕುಂಚಕ್ಕೆ ಎರಡು ಬಣ್ಣ ಹಿಡಿಸಿ, ಒಂದೇ ಎಳೆತದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಕರಗುವಂತೆ ಮಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಯುನೆಸ್ಕೊ 2013ರಲ್ಲಿ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಂಜವೆಂದರೆ ಬೆಂಕಿ ಮತ್ತು ಎಚ್ಚರ, ಹಕ್ಕಿಗಳೆಂದರೆ ಬೆಳಕು ಮತ್ತು ಸಾಮರಸ್ಯ ಎಂಬ ಅರ್ಥಗಳನ್ನೂ ಅಲ್ಲಿ ದಾಖಲಿಸಲಾಗಿದೆ. ಸಂಕೇತಗಳ ಇಂಥ ಪಟ್ಟಿಯನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ, ಏಕೆಂದರೆ ಬರೆಯುವವರ ಕಣ್ಣು ಅರ್ಥಕ್ಕಿಂತ ಮುಂದಿನ ಎಲೆ ಎಲ್ಲಿ ಬಾಗಬೇಕೆಂಬುದರ ಮೇಲೆ ಹೆಚ್ಚು ನೆಟ್ಟಿರುತ್ತದೆ. ಈ ಶೈಲಿಯ ಅಚ್ಚು ಹಾಕಿದ ಪ್ರತಿಗಳೂ ಈಗ ಬೇಕಾದಷ್ಟಿವೆ. ಕೈಯಿಂದ ಬರೆದದ್ದನ್ನು ಗುರುತಿಸಲು ಕುಂಚದ ಎಳೆ ಮುಗಿಯುವ ತುದಿಯನ್ನು ನೋಡಬೇಕು; ಅಲ್ಲಿ ಬಣ್ಣ ತೆಳುವಾಗಿ ರೋಮಗಳ ಗೀರು ಕಾಣಿಸುತ್ತದೆ. ‘ಕಲೀನಾ’ ಎಂಬ ಕೆಂಪು ಕಾಯಿಗಳ ಗೊಂಚಲಿದ್ದರೆ ಅದನ್ನೂ ಪರೀಕ್ಷಿಸಬಹುದು: ಆ ಕಾಯಿಗಳನ್ನು ಕುಂಚದಿಂದಲ್ಲ, ಬಣ್ಣದಲ್ಲಿ ಅದ್ದಿದ ಬೆರಳ ತುದಿಯಿಂದ ಒತ್ತುವುದು ವಾಡಿಕೆ.