ಸಿಂಹವಿದೆ, ಧೈರ್ಯವಾಗಿ ಬನ್ನಿ

“ಸ್ವಾಮಿ, ಇನ್ನು ನಿಶ್ಚಿಂತೆಯಿಂದ ಓಡಾಡಿ. ಆ ನಾಯಿಯನ್ನು ಗೋದಾವರಿ ದಡದ ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು.”

ಹಾಲನ ಗಾಥಾಸಪ್ತಶತಿಯ ಪ್ರಾಕೃತ ಪದ್ಯವೊಂದರ ಸಾರ ಇದು. ಮಾತಾಡುತ್ತಿರುವವಳು ಆ ಪೊದೆಯಲ್ಲಿ ನಲ್ಲನನ್ನು ಕದ್ದು ಕಾಣುವ ಹೆಂಗಸು. ಕೇಳುತ್ತಿರುವವನು ಆ ಕಡೆ ಸುಳಿದಾಡುವ, ನಾಯಿಗೆ ಅಂಜುವ ಧರ್ಮಭೀರು. ಪದ್ಯ ಇದ್ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತಿನಲ್ಲಿರುವುದು ‘ಓಡಾಡಿ’, ತಲುಪುವುದು ‘ಈ ಕಡೆ ತಲೆ ಹಾಕಬೇಡಿ’.

9ನೇ ಶತಮಾನದ ಕಾಶ್ಮೀರದ ಆನಂದವರ್ಧನ ತನ್ನ ಕಾವ್ಯಮೀಮಾಂಸೆಯ ಗ್ರಂಥ ಧ್ವನ್ಯಾಲೋಕದಲ್ಲಿ ಈ ಪದ್ಯವನ್ನು ಎತ್ತಿಕೊಂಡ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ’ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು, ಹಾಗಾಗಿ ‘ದಡದಲ್ಲಿ’ ಎಂದುಕೊಳ್ಳುತ್ತೇವೆ, ಇದು ಲಕ್ಷಣೆ. ಸಿಂಹದ ಮಾತಿನಲ್ಲಿ ಅಂಥ ತೊಡಕೇ ಇಲ್ಲ. ಪದಗಳೆಲ್ಲ ನೆಟ್ಟಗೆ ಹೊಂದಿಕೊಂಡು ವಾಕ್ಯ ಮುಗಿದ ಮೇಲೆ ತದ್ವಿರುದ್ಧ ಅರ್ಥವೊಂದು ಏಳುತ್ತದೆ. ಅದಕ್ಕೆ ವ್ಯಂಜನೆ ಎಂಬ ಬೇರೆಯೇ ಶಕ್ತಿ ಬೇಕೆಂದು ಆತ ವಾದಿಸಿದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು, ಅಂದರೆ ಹೀಗೆ ಸೂಚನೆಯಾಗಿ ಹೊಳೆಯುವ ಅರ್ಥವನ್ನು, ಹೆಸರಿಸುತ್ತದೆ, ಆದರೆ ಅಲಂಕಾರಗಳ ಸಾಲಿನಲ್ಲಿ.

ಆನಂದವರ್ಧನನ ವಾದವನ್ನು ಮುಂದೆ ಬಂದ ಕಾವ್ಯಮೀಮಾಂಸಕ ಮಹಿಮಭಟ್ಟ ಒಪ್ಪಲಿಲ್ಲ. ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಇದೂ ಬರೀ ಅನುಮಾನ, ಅಂದರೆ ತರ್ಕದ ಊಹೆ, ಹೊಸ ಶಕ್ತಿ ಯಾಕೆ ಎಂದ. ಇದಕ್ಕೆ ಇನ್ನೊಬ್ಬ ಕಾವ್ಯಮೀಮಾಂಸಕ ಮಮ್ಮಟ ಕೊಟ್ಟ ಉತ್ತರ ನನಗೆ ಬಲು ಇಷ್ಟ. ಅಂಜುಬುರುಕನೂ ಗುರುವಿನ ಅಪ್ಪಣೆಗೋ ಪ್ರಿಯೆಯ ಮೋಹಕ್ಕೋ ಅಪಾಯದ ಜಾಗಕ್ಕೆ ಹೋಗಬಹುದು. ನಾಯಿ ಮುಟ್ಟಿದರೆ ಮೈಲಿಗೆಯೆಂದು ಹೆದರುವವನು ಸಿಂಹಕ್ಕೆ ಹೆದರದ ಧೀರನಾಗಿರಬಹುದು. ಅಷ್ಟಕ್ಕೂ ಅಲ್ಲಿ ಸಿಂಹ ಇದೆ ಎನ್ನಲು ಅವಳ ಮಾತೊಂದೇ ಆಧಾರ! ತರ್ಕವಾಗಿ ಇದು ನಿಲ್ಲುವುದಿಲ್ಲ, ಆದರೂ ಅರ್ಥ ಹೊಳೆಯುತ್ತದೆ.

ಸೂಚಿತ ಅರ್ಥದ ಈ ಸಡಿಲತೆಯನ್ನು 1975ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತತ್ವಜ್ಞಾನಿ ಪಾಲ್ ಗ್ರೈಸ್ ತನ್ನದೇ ದಾರಿಯಲ್ಲಿ ಗುರುತಿಸಿದ: ಆಡದೆ ಸೂಚಿಸಿದ್ದನ್ನು ಹಿಂದಕ್ಕೆ ಪಡೆಯಬಹುದು. “ಊಟ ಹೇಗಿತ್ತು?” ಎಂದರೆ “ಮಜ್ಜಿಗೆ ಚೆನ್ನಾಗಿತ್ತು” ಅನ್ನಿ. ಅತಿಥೇಯರ ಮುಖ ಸಪ್ಪಗಾದರೆ “ಮಿಕ್ಕಿದ್ದೂ ಚೆನ್ನಾಗೇ ಇತ್ತು ಮಾರಾಯ್ರೆ” ಎಂದು ಸೇರಿಸಿ. ಸುಳ್ಳು ಹೇಳಿದಿರಿ ಎಂದು ಯಾರೂ ಹಿಡಿಯಲಾರರು.

ನೇರ ಅರ್ಥ ಸೋತ ಮೇಲಷ್ಟೇ ಮನಸ್ಸು ಬೇರೆ ಅರ್ಥ ಹುಡುಕುತ್ತದೆಯೇ? 1982ರಲ್ಲಿ ಮನೋವಿಜ್ಞಾನಿ ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ಸಂಗಡಿಗರು ‘ಕೆಲವು ನೌಕರಿಗಳು ಜೈಲುಗಳು’ ಎಂಬಂಥ ವಾಕ್ಯಗಳು ಅಕ್ಷರಶಃ ನಿಜವೋ ಸುಳ್ಳೋ ಹೇಳಿ ಎಂದು ಜನರನ್ನು ಕೇಳಿದರು. ರೂಪಕವಾಗಿಯೂ ಅರ್ಥ ಕೊಡದ ಸುಳ್ಳುಗಳಿಗಿಂತ ಇವನ್ನು ‘ಸುಳ್ಳು’ ಎನ್ನಲು ಹೆಚ್ಚು ಹೊತ್ತು ಹಿಡಿಯಿತು. ರೂಪಕದ ಅರ್ಥ ಕರೆಯದೆಯೇ ಒಳಗೆ ಬಂದು ಅಡ್ಡ ನಿಂತಿತ್ತು. ಆದರೆ ಅಲ್ಲಿದ್ದದ್ದು ಒಂಟಿ ವಾಕ್ಯಗಳು. ಯಾರು ಯಾರಿಗೆ, ಯಾವ ಗುಟ್ಟು ಕಾಪಾಡಲು ಹೇಳಿದರು ಎಂಬುದು ಪರೀಕ್ಷೆಯಲ್ಲಿ ಇರಲೇ ಇಲ್ಲ.